ಗಂಟಿಗೆ ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಯೇ? ಬಯಾಪ್ಸಿ ಬಗ್ಗೆ ಹರಿದಾಡುತ್ತಿರುವ ಸಂದೇಶದ ಅಸಲಿಯತ್ತು

ಸಾರಾಂಶ

ಗಂಟಿಗೆ ಸೂಜಿ ಚುಚ್ಚಿದರೆ ಅಥವಾ ಅದರಿಂದ ತುಂಡು ತೆಗೆದರೆ ಕ್ಯಾನ್ಸರ್ ಕೆರಳಿ ಮೈಯೆಲ್ಲ ಹರಡುತ್ತದೆ, ಸ್ಕ್ಯಾನಿಂಗ್ ಮಾಡಿಸಿದರೆ ಸಾಕು ಎಂದು ಹೇಳುವ ಸಂದೇಶವೊಂದು ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ನಾವು ಪರಿಶೀಲಿಸಿದಾಗ ಈ ಹೇಳಿಕೆ ಬಹುಮಟ್ಟಿಗೆ ಸುಳ್ಳು ಎಂದು ಕಂಡುಬಂದಿದೆ. ಪೂರ್ತಿ ಸುಳ್ಳು ಎನ್ನದೆ 'ಬಹುಮಟ್ಟಿಗೆ' ಎಂದು ಏಕೆ ಬರೆದೆವು ಎಂಬುದನ್ನೂ ಕೆಳಗೆ ಹೇಳಿದ್ದೇವೆ.

ಹೇಳಿಕೆ

ಸಂದೇಶ ನಮಗೆ ಬಂದದ್ದು ಗದಗ ಜಿಲ್ಲೆಯ ಬಾಳೆಹೊಸೂರಿನ ಓದುಗರೊಬ್ಬರಿಂದ. ಫಾರ್ವರ್ಡ್ ಜೊತೆಗೆ ಒಂದು ಧ್ವನಿಸಂದೇಶವೂ ಇತ್ತು. "ನಮ್ಮ ಅತ್ತಿಯಾರಿಗೆ ಎದಿಯಾಗ ಒಂದು ಗಂಟ ಐತ್ರಿ. ಹುಬ್ಬಳ್ಳಿ ಡಾಕ್ಟರು ಸೂಜಿ ಹಾಕಿ ತುಂಡ ತಗದು ಟೆಸ್ಟಿಗೆ ಕಳಸಬೇಕು ಅಂದಾರ್ರಿ. ಈ ಮೆಸೇಜ್ ಓದಿದ ಮ್ಯಾಲ ಮನ್ಯಾಗ ಎಲ್ಲಾರೂ ಬ್ಯಾಡ ಅನ್ನಾಕತ್ತಾರ. ಇದು ಖರೇ ಏನ್ರಿ?"

ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದ್ದರು. "ನಮ್ಮ ಮಾವನಾರಿಗೆ ಮೊಣಕಾಲು ಆಪರೇಶನ್ ಆಗಿ ಎರಡು ವರ್ಷ ಆತ್ರಿ, ಬಾವು ಇಳದಿಲ್ಲ. ಅಲ್ಲಿಂದನೂ ತುಂಡ ತಗೀತೀವಿ ಅಂತಾರ. ಹಂಗಾರ ಅವ್ರಿಗೂ ಕ್ಯಾನ್ಸರ್ ಐತೇನ್ರಿ?"

ಎರಡೂ ಪ್ರಶ್ನೆ ಒಂದೇ ಮನೆಯದು, ಎರಡಕ್ಕೂ ಬೇರು ಒಂದೇ. ಬಯಾಪ್ಸಿ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಕ್ಯಾನ್ಸರ್ ಎಂದೇ ಕೇಳಿಸುತ್ತದೆ. ನಾವು ವೈದ್ಯರಲ್ಲ, ಸಂವಹನ ಓದಿದವರು. ಒಂದು ಪದ ಹೇಗೆ ಹೆದರಿಕೆಯಾಗಿ ಬದಲಾಗುತ್ತದೆ ಎಂಬುದು ನಮ್ಮ ಓದಿನ ವಿಷಯವೇ. ಇನ್ನೊಂದು ಮಾತು ಹೇಳಲೇಬೇಕು. ಆ ಧ್ವನಿಸಂದೇಶದಲ್ಲಿ ಹಿಂದೆ ಮನೆಯವರ ಮಾತೆಲ್ಲ ಕೇಳಿಸುತ್ತಿತ್ತು, ಅತ್ತೆಯವರ ದನಿ ಮಾತ್ರ ಎಲ್ಲೂ ಇರಲಿಲ್ಲ.

ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗುವುದಿಲ್ಲವೇ?

ಗೊತ್ತಾಗುವುದು ಗಂಟು ಎಲ್ಲಿದೆ, ಎಷ್ಟು ದೊಡ್ಡದು, ಅಂಚು ನುಣುಪೋ ಮುಳ್ಳುಮುಳ್ಳೋ, ಒಳಗೆ ನೀರಿದೆಯೋ ಗಟ್ಟಿಯೋ ಎಂಬುದು. ಇಷ್ಟರಿಂದ ವೈದ್ಯರಿಗೆ ಬಲವಾದ ಅನುಮಾನ ಬರಬಹುದು. ಆದರೆ ಅದು ಯಾವ ಕಾಯಿಲೆ ಎಂದು ಖಚಿತವಾಗಿ ಹೇಳಲು ಒಳಗಿನ ಜೀವಕೋಶಗಳನ್ನೇ ನೋಡಬೇಕು.

ಸ್ತನದಲ್ಲಿ ಗಂಟು ಎಂದರೆ ಏನೇನಿರಬಹುದು ನೋಡಿ. ಹರೆಯದವರಲ್ಲಿ ಸಾಮಾನ್ಯವಾಗಿ ಕಾಣುವ, ಅಪಾಯವಿಲ್ಲದ ಫೈಬ್ರೊಅಡಿನೋಮಾ ಇರಬಹುದು. ನೀರು ತುಂಬಿದ ಚೀಲವಿರಬಹುದು. ಹಿಂದೆಂದೋ ಪೆಟ್ಟು ಬಿದ್ದು ಕೊಬ್ಬು ಸತ್ತು ಗಟ್ಟಿಯಾಗಿರಬಹುದು. ಹೆರಿಗೆಯಾಗಿ ಕೆಲವು ವರ್ಷಗಳಾದವರಲ್ಲಿ ಕಾಣುವ ಗ್ರಾನ್ಯುಲೊಮಾಟಸ್ ಮಾಸ್ಟೈಟಿಸ್ ಎಂಬ ಊತವಿದೆ. ಅದು ಕೈಗೂ ಸ್ಕ್ಯಾನಿಂಗ್‌ಗೂ ಕ್ಯಾನ್ಸರ್‌ನಂತೆಯೇ ಕಾಣಿಸಿ ಯಾಮಾರಿಸುತ್ತದೆ. ಶ್ವಾಸಕೋಶಕ್ಕೆ ಮಾತ್ರ ಬರುತ್ತದೆ ಎಂದು ನಾವು ತಿಳಿದ ಟಿಬಿ ಸ್ತನಕ್ಕೂ ಬರುತ್ತದೆ. ಕ್ಯಾನ್ಸರ್ ಕೂಡ ಇರಬಹುದು. ಇವುಗಳಲ್ಲಿ ಒಂದಕ್ಕೆ ಸುಮ್ಮನೆ ಬಿಟ್ಟರೂ ಸರಿ, ಇನ್ನೊಂದಕ್ಕೆ ತಿಂಗಳುಗಟ್ಟಲೆ ಟಿಬಿ ಮಾತ್ರೆ, ಮತ್ತೊಂದಕ್ಕೆ ಆಪರೇಶನ್ ಮತ್ತು ಕಿಮೊ. ಹೆಸರು ಗೊತ್ತಿಲ್ಲದೆ ಔಷಧಿ ಕೊಡುವುದು ಹೇಗೆ?

ಕುತ್ತಿಗೆಯ ಗಂಟಿನ ಕಥೆಯೂ ಇದೇ. ಟಿಬಿಯೂ ಲಿಂಫೋಮಾ ಎಂಬ ಕ್ಯಾನ್ಸರ್ರೂ ಅಲ್ಲಿ ಒಂದೇ ರೀತಿ ಊದಿಕೊಳ್ಳುತ್ತವೆ, ಎರಡರಲ್ಲೂ ಸಂಜೆಯ ಜ್ವರ ಬರಬಹುದು, ಎರಡರಲ್ಲೂ ತೂಕ ಇಳಿಯಬಹುದು. ಇನ್ನು ಬಾಯಿಯ ವಿಷಯಕ್ಕೆ ಬಂದರೆ, ಗುಟ್ಕಾ ಮತ್ತು ತಂಬಾಕು ಹಾಕಿದ ಎಲೆ-ಅಡಿಕೆ ಜಗಿಯುವವರ ಕೆನ್ನೆಯ ಒಳಗೆ ಕಾಣುವ ಬಿಳಿ ಮಚ್ಚೆ ಕ್ಯಾನ್ಸರ್ ಆಗಿದೆಯೋ, ಆಗುವ ಹಾದಿಯಲ್ಲಿದೆಯೋ, ಬರೀ ಉಜ್ಜಿ ದಪ್ಪಗಾದ ಚರ್ಮವೋ ಎಂದು ಹೇಳಲು ಕಡ್ಲೆಕಾಳಿಗಿಂತ ಸಣ್ಣ ತುಂಡು ಸಾಕು. ಎರಡು-ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನು ತೋರಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ.

ತುಂಡು ತೆಗೆದ ಮೇಲೆ ಏನಾಗುತ್ತದೆ?

ತುಂಡನ್ನು 'ಮಷೀನಿಗೆ ಹಾಕಿದರೆ' ಉತ್ತರ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಮೊದಲು ಅದನ್ನು ಫಾರ್ಮಾಲಿನ್ ಎಂಬ ದ್ರಾವಣದಲ್ಲಿ ನೆನೆಹಾಕುತ್ತಾರೆ. ಉಪ್ಪಿನಕಾಯಿಗೆ ಉಪ್ಪು ಹೇಗೋ ಹಾಗೆ, ಅಂಗಾಂಶ ಕೊಳೆಯದೆ ಇದ್ದ ರೂಪದಲ್ಲೇ ನಿಲ್ಲುತ್ತದೆ. ಆಮೇಲೆ ಆಲ್ಕೋಹಾಲ್‌ನಲ್ಲಿ ನೀರಿನಂಶ ತೆಗೆದು, ಕರಗಿದ ಮೇಣದಲ್ಲಿ ಅದ್ದಿ, ಗಟ್ಟಿಯಾದ ಮೇಲೆ ಸಣ್ಣ ಸಾಬೂನಿನ ಬಿಲ್ಲೆಯಂಥ ತುಂಡು ಮಾಡುತ್ತಾರೆ. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಹೆಸರು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬ್ಲಾಕ್‌ನಿಂದ 3ರಿಂದ 5 ಮೈಕ್ರಾನ್ ದಪ್ಪದ ಹಾಳೆಗಳನ್ನು ಕೊಯ್ಯುತ್ತಾರೆ. ತಲೆಗೂದಲಿನ ದಪ್ಪದಲ್ಲಿ ಇಂಥ ಹತ್ತಕ್ಕಿಂತ ಹೆಚ್ಚು ಹಾಳೆ ಕೂರುತ್ತವೆ. ಅದಕ್ಕೆ ಎರಡು ಬಣ್ಣ ಹಾಕುತ್ತಾರೆ. ಹಿಮಟಾಕ್ಸಿಲಿನ್ ಎಂಬುದು ಜೀವಕೋಶದ ನಡುವಣ ಕೇಂದ್ರವನ್ನು ನೀಲಿಯಾಗಿಸುತ್ತದೆ (ಇದನ್ನು ತೆಗೆಯುವುದು ಮಧ್ಯ ಅಮೆರಿಕದ ಒಂದು ಮರದ ಕಟ್ಟಿಗೆಯಿಂದ), ಇಯೋಸಿನ್ ಸುತ್ತಲಿನ ಭಾಗವನ್ನು ಗುಲಾಬಿಯಾಗಿಸುತ್ತದೆ. ಆ ಗಾಜಿನ ಸ್ಲೈಡನ್ನು ಪೆಥಾಲಜಿಸ್ಟ್, ಅಂದರೆ ಎಂಬಿಬಿಎಸ್ ಆದ ಮೇಲೆ ಇದನ್ನೇ ಓದಿದ ವೈದ್ಯರು, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುತ್ತಾರೆ.

ಅವರು ಹುಡುಕುವುದು ಶಿಸ್ತು ಎಲ್ಲಿ ತಪ್ಪಿದೆ ಎಂಬುದನ್ನು. ಕೋಶಗಳ ಕೇಂದ್ರ ಒಂದೇ ಅಳತೆಯದೋ, ಒಂದು ದೊಡ್ಡದು ಒಂದು ಸಣ್ಣದಾಗಿ ಚೆಲ್ಲಾಪಿಲ್ಲಿಯಾಗಿದೆಯೋ? ಎಷ್ಟು ಕೋಶ ಒಡೆದು ಎರಡಾಗುತ್ತಿವೆ? ಎಲ್ಲಕ್ಕಿಂತ ಮುಖ್ಯವಾಗಿ, ಕೋಶಗಳು ತಮ್ಮ ಕೆಳಗಿನ ತೆಳು ಪೊರೆಯನ್ನು ಒಡೆದು ಪಕ್ಕದ ಜಾಗಕ್ಕೆ ನುಗ್ಗಿವೆಯೇ? ಹೊಲದ ಬದು ದಾಟಿ ಮುಂದಿನವರ ಜಮೀನಿಗೆ ಕಾಲಿಟ್ಟ ಹಾಗೆ. ಬದು ದಾಟಿದ್ದರೆ ಅದು ಕ್ಯಾನ್ಸರ್.

ರೋಗದ ಮೂಲ ಜೀವಕೋಶದಲ್ಲೇ ಇದೆ ಎಂಬ ಈ ದಾರಿಯನ್ನು ಗಟ್ಟಿಯಾಗಿ ಹಾಕಿಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಶೋ, 1858ರ ತಮ್ಮ ಪುಸ್ತಕದಲ್ಲಿ. ಅವರ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ, ಅಷ್ಟು ಒಳ್ಳೆಯ ಸಂದರ್ಭದಲ್ಲಲ್ಲ.

ಕರ್ನಾಟಕದಲ್ಲಿ ಎಷ್ಟು ಜನರಿಗೆ ಯಾವ ಕ್ಯಾನ್ಸರ್ ಇದೆ ಎಂಬ ಲೆಕ್ಕ ಕೂಡ ಈ ಸ್ಲೈಡುಗಳ ಮೇಲೆ ನಿಂತಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ಇಂಥ ನೋಂದಣಿಗಳ ಗುಣಮಟ್ಟ ಅಳೆಯುವಾಗ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ದಾಖಲಾದ ರೋಗಿಗಳಲ್ಲಿ ಎಷ್ಟು ಜನರದ್ದು ಸೂಕ್ಷ್ಮದರ್ಶಕದಲ್ಲಿ ಖಚಿತವಾಗಿದೆ ಎಂಬುದು.

ಹಾಗಾದರೆ ಸೂಜಿಯಿಂದ ಕ್ಯಾನ್ಸರ್ ಹರಡುವುದೇ ಇಲ್ಲವೇ?

ಇಲ್ಲಿ ನಾವು ನುಣುಚಿಕೊಳ್ಳಬಾರದು. ಸೂಜಿ ಹಾದುಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶ ಬಿದ್ದು ಬೆಳೆದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಇವೆ. ಹೆಚ್ಚು ಚರ್ಚೆಯಾದದ್ದು ಯಕೃತ್ತಿನ ಕ್ಯಾನ್ಸರ್. 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಅಪಾಯ ಸುಮಾರು ಶೇ 2.7 ಎಂದು ಕಂಡಿತು. ವೈದ್ಯರಿಗೆ ಇದು ಗೊತ್ತು. ಆದ್ದರಿಂದಲೇ ಸಿರೋಸಿಸ್ ಇರುವವರಲ್ಲಿ ಸಿಟಿ ಅಥವಾ ಎಂಆರ್‌ಐ ಚಿತ್ರ ಸ್ಪಷ್ಟವಾಗಿದ್ದರೆ ಯಕೃತ್ತಿಗೆ ಸೂಜಿ ಹಾಕದೆಯೇ ಚಿಕಿತ್ಸೆ ಶುರುಮಾಡುತ್ತಾರೆ. ವೃಷಣದ ಗಂಟಿಗೆ ಹೊರಚೀಲದ ಮೂಲಕ ಸೂಜಿ ಹಾಕುವುದಿಲ್ಲ. ಅಂಡಾಶಯದ ಅನುಮಾನಾಸ್ಪದ ನೀರುಗಂಟನ್ನು ಚುಚ್ಚದೆ ಇಡಿಯಾಗಿ ತೆಗೆಯಲು ನೋಡುತ್ತಾರೆ. ಮೂಳೆ ಮತ್ತು ಮಾಂಸಖಂಡದ ಸಾರ್ಕೋಮಾದಲ್ಲಿ ಸೂಜಿ ಹೋಗುವ ಜಾಗವನ್ನು ಮೊದಲೇ ಯೋಜಿಸಿ, ಆಪರೇಶನ್ ವೇಳೆ ಆ ದಾರಿಯನ್ನೂ ಕತ್ತರಿಸಿ ತೆಗೆಯುತ್ತಾರೆ. ಹಾಗಾಗಿ ಸಾರ್ಕೋಮಾ ಅನುಮಾನವಿದ್ದರೆ ಸಿಕ್ಕಸಿಕ್ಕಲ್ಲಿ ಬಯಾಪ್ಸಿ ಬೇಡ, ಮುಂದೆ ಆಪರೇಶನ್ ಮಾಡುವ ತಂಡವೇ ಮಾಡಲಿ.

ಸಂದೇಶದಲ್ಲಿರುವ ಸತ್ಯ ಇಷ್ಟೇ. ಇದನ್ನು ಎಲ್ಲ ಗಂಟುಗಳಿಗೂ ಅನ್ವಯಿಸಿದ್ದು ಸುಳ್ಳು.

ಕ್ಯಾನ್ಸರ್ ಹರಡಲು ಬ್ಲೇಡಿನ ಅಪ್ಪಣೆ ಬೇಕಿಲ್ಲ. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ. ಅವುಗಳಲ್ಲಿ ಕೆಲವು ತಾವಾಗಿಯೇ ರಕ್ತಕ್ಕೆ ಇಳಿಯುತ್ತಿರುತ್ತವೆ. ಹಾಗೆ ಇಳಿದವುಗಳಲ್ಲಿ ಬಹುಪಾಲು ಸಾಯುತ್ತವೆ. ಇನ್ನೊಂದು ಅಂಗದಲ್ಲಿ ಬೇರೂರಲು ಬೇಕಾದ ಸಾಮರ್ಥ್ಯ ಗಡ್ಡೆ ಬೆಳೆದಂತೆ ಬರುವುದು, ಸೂಜಿ ತಾಗಿದ್ದರಿಂದ ಬರುವುದಲ್ಲ. ಸ್ತನದ ಬಯಾಪ್ಸಿಯಲ್ಲಿ ಸೂಜಿಯ ದಾರಿಯಲ್ಲಿ ಕೆಲವು ಕೋಶ ಸಿಕ್ಕಿದ್ದುಂಟು. ಅವು ಹೆಚ್ಚಾಗಿ ಅಲ್ಲೇ ಸಾಯುತ್ತವೆ, ಉಳಿದವನ್ನು ಮುಂದಿನ ಆಪರೇಶನ್, ರೇಡಿಯೇಶನ್ ನೋಡಿಕೊಳ್ಳುತ್ತವೆ.

ಇದನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನವೂ ಇದೆ. ಅಮೆರಿಕದ ಫ್ಲಾರಿಡಾದ ಮೇಯೊ ಕ್ಲಿನಿಕ್‌ನ ಸಂಶೋಧಕರು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಆಪರೇಶನ್ ಆದ 2,034 ಜನರ ದಾಖಲೆ ನೋಡಿದರು. ಇದು ವೇಗವಾಗಿ ಹರಡುವ ಕ್ಯಾನ್ಸರ್. 498 ಜನರಿಗೆ ಆಪರೇಶನ್‌ಗೆ ಮೊದಲು ಸೂಜಿ ಪರೀಕ್ಷೆ ಆಗಿತ್ತು. ಸೂಜಿಯಿಂದ ಹರಡುವುದಾದರೆ ಅವರು ಬೇಗ ಸಾಯಬೇಕಿತ್ತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೂಜಿ ಪರೀಕ್ಷೆಯಾದವರ ಮಧ್ಯಮ ಬದುಕಿನ ಅವಧಿ 22 ತಿಂಗಳು, ಆಗದವರದ್ದು 15. ಇದರಿಂದ ಸೂಜಿ ಆಯುಷ್ಯ ಹೆಚ್ಚಿಸುತ್ತದೆ ಎಂದು ಹೊಸ ಫಾರ್ವರ್ಡ್ ಮಾಡಬೇಡಿ. ಎರಡು ಗುಂಪಿನವರ ನಡುವೆ ಬೇರೆ ವ್ಯತ್ಯಾಸಗಳೂ ಇರಬಹುದು. ಹಾನಿ ಕಾಣಲಿಲ್ಲ ಎಂಬಷ್ಟು ಮಾತ್ರ ಹೇಳಬಹುದು.

ಮತ್ತೇಕೆ ಎಲ್ಲರ ಊರಲ್ಲೂ "ಕೈ ಹಚ್ಚಿದ ಮ್ಯಾಲ ಜಾಸ್ತಿ ಆತು" ಎಂಬ ಒಂದು ಕಥೆ ಇದೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಲೆಕ್ಕ. ನಮ್ಮಲ್ಲಿ ಜನ ಆಸ್ಪತ್ರೆಗೆ ಹೋಗುವುದೇ ಗಂಟು ದೊಡ್ಡದಾದ ಮೇಲೆ. ಆ ಹೊತ್ತಿಗೆ ಅದು ಒಳಗೊಳಗೆ ಹರಡಿರುತ್ತದೆ. ಬಯಾಪ್ಸಿ ಆಗುತ್ತದೆ, ಎರಡು ತಿಂಗಳಲ್ಲಿ ಹರಡಿದ್ದು ಕಣ್ಣಿಗೆ ಬೀಳುತ್ತದೆ. ನೆನಪಿನಲ್ಲಿ ಉಳಿಯುವುದು ಸೂಜಿ ಮಾತ್ರ. ಅದರ ಹಿಂದಿನ ಎಂಟು ತಿಂಗಳು ಸುಮ್ಮನಿದ್ದದ್ದು ಯಾರಿಗೂ ನೆನಪಾಗುವುದಿಲ್ಲ. ಇನ್ನೊಂದು ರೀತಿಯೂ ಉಂಟು. ವರದಿ ಬಂದ ಮೇಲೆ ಹೆದರಿ ನಾಟಿ ಔಷಧಿಗೆ ಹೋಗಿ, ಕೈಮೀರಿದ ಮೇಲೆ ವಾಪಸ್ ಬಂದವರ ಲೆಕ್ಕವೂ ಸೂಜಿಯ ಖಾತೆಗೇ ಬೀಳುತ್ತದೆ.

ಈ ಕಥೆ ನಮ್ಮದೊಂದೇ ಅಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೆಸರಿನಲ್ಲಿ ವರ್ಷಗಟ್ಟಲೆ ಓಡಾಡಿದ ಇಮೇಲ್ ಒಂದರಲ್ಲಿ ಆಪರೇಶನ್‌ನಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿತ್ತು. ಅದು ನಮ್ಮದಲ್ಲ ಎಂದು ಆ ಆಸ್ಪತ್ರೆಯೇ ಹೇಳಬೇಕಾಯಿತು. ಇಮೇಲ್ ಹೋಗಿ ವಾಟ್ಸಾಪ್ ಬಂತು, ಇಂಗ್ಲಿಷ್ ಹೋಗಿ ಕನ್ನಡ ಬಂತು.

'ಕ್ಯಾನ್ಸರ್ ಇಲ್ಲ' ಎಂದು ಬಂದರೆ ನಿಶ್ಚಿಂತೆಯೇ?

ಯಾವಾಗಲೂ ಅಲ್ಲ. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡ್ರಿಕ್‌ಗೆ ದನಿ ಕಟ್ಟಿತು. ಗಂಟಲಲ್ಲಿ ಗಡ್ಡೆ ಕಂಡಿತು. ಅಲ್ಲಿನ ವೈದ್ಯರು ಕ್ಯಾನ್ಸರ್ ಎಂದು ಆಪರೇಶನ್‌ಗೆ ಸಿದ್ಧರಾದರು. ಬ್ರಿಟನ್ನಿನಿಂದ ಕರೆಸಿದ ತಜ್ಞ ಮೆಕೆಂಜಿ, ಮೊದಲು ತುಂಡು ತೆಗೆದು ನೋಡೋಣ ಎಂದರು. ತುಂಡು ಹೋದದ್ದು ಸಾಕ್ಷಾತ್ ವಿರ್ಶೋ ಅವರ ಕೈಗೆ. ಅದರಲ್ಲಿ ಕ್ಯಾನ್ಸರ್ ಇಲ್ಲ ಎಂದರು ವಿರ್ಶೋ. ಆಪರೇಶನ್ ನಿಂತಿತು. ಫ್ರೆಡ್ರಿಕ್ 1888ರ ಮಾರ್ಚ್‌ನಲ್ಲಿ ಚಕ್ರವರ್ತಿಯಾಗಿ 99 ದಿನ ಆಳಿ ಜೂನ್ 15ರಂದು ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡರು.

ಸ್ಲೈಡ್ ಹೇಳುವುದು ಆ ತುಂಡಿನ ಬಗ್ಗೆ ಮಾತ್ರ. ಒಂದು ಚೀಲ ಶೇಂಗಾದಲ್ಲಿ ಮೇಲಿನ ಹಿಡಿ ಚೆನ್ನಾಗಿದ್ದರೆ ತಳದ್ದೂ ಚೆನ್ನಾಗಿದೆ ಎಂದಾಗುವುದಿಲ್ಲ. ಅದಕ್ಕೇ ಇವತ್ತು ಸ್ತನದ ಗಂಟಿಗೆ ಮೂರನ್ನು ಜೋಡಿಸಿ ನೋಡುತ್ತಾರೆ: ಕೈಗೆ ಸಿಕ್ಕಿದ್ದು, ಸ್ಕ್ಯಾನಿಂಗ್‌ನಲ್ಲಿ ಕಂಡದ್ದು, ತುಂಡಿನಲ್ಲಿ ಸಿಕ್ಕಿದ್ದು. ಮೂರೂ ಒಂದೇ ಮಾತು ಹೇಳದಿದ್ದರೆ ಮತ್ತೆ ಬಯಾಪ್ಸಿ ಮಾಡುತ್ತಾರೆ. ಎರಡನೇ ಸಲ ಕರೆದರೆ ದುಡ್ಡಿಗಾಗಿ ಎಂದುಕೊಳ್ಳುವ ಮೊದಲು "ಯಾವುದು ತಾಳೆ ಆಗ್ತಿಲ್ಲ?" ಎಂದು ಕೇಳಿ.

ಮಾವನವರ ಮೊಣಕಾಲು

ಇಲ್ಲಿ ತುಂಡು ತೆಗೆಯುವುದು ಹೆಚ್ಚಾಗಿ ಕ್ಯಾನ್ಸರ್ ಹುಡುಕಲು ಅಲ್ಲವೇ ಅಲ್ಲ.

ಕೃತಕ ಕೀಲು ಹಾಕಿ ವರ್ಷಗಳಾದ ಮೇಲೂ ನೋವು, ಬಾವು ಇದ್ದರೆ ಕಾರಣ ಹಲವು. ಕೀಲಿನ ಸುತ್ತ ಸೋಂಕು ಸದ್ದಿಲ್ಲದೆ ಕುಳಿತಿರಬಹುದು. ಜ್ವರ, ಕೀವು ಯಾವುದೂ ಇಲ್ಲದೆ. ಅಥವಾ ಪ್ಲಾಸ್ಟಿಕ್ ಭಾಗ ಸವೆದು ಪುಡಿಯಾಗಿ, ಆ ಪುಡಿಯನ್ನು ನುಂಗಲು ಬಂದ ರಕ್ಷಕ ಕೋಶಗಳು ಸುತ್ತಲಿನ ಮೂಳೆಯನ್ನೂ ಕರಗಿಸಿ ಕೀಲು ಸಡಿಲವಾಗಿರಬಹುದು. ಲೋಹದ ಪುಡಿಗೆ ದೇಹ ಒಗ್ಗದೆ ಮುನಿದಿರಬಹುದು. ಎಕ್ಸ್‌ರೇಯಲ್ಲಿ ಸಡಿಲವಾದದ್ದು ಕಾಣಬಹುದು, ಏಕೆ ಸಡಿಲವಾಯಿತು ಎಂಬುದು ಕಾಣದೆ ಹೋಗಬಹುದು.

ತುಂಡಿನಲ್ಲಿ ಇವು ಬೇರೆ ಬೇರೆ ಗುರುತು ಬಿಡುತ್ತವೆ. ಸೋಂಕಿದ್ದರೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ದಂಡೇ ಬಂದಿರುತ್ತದೆ. ಸೂಕ್ಷ್ಮದರ್ಶಕವನ್ನು 400 ಪಟ್ಟಿಗೆ ಇಟ್ಟು ಐದು ಕಡೆ ನೋಡಿದಾಗ ಪ್ರತಿ ಕಡೆಯೂ ಐದಕ್ಕಿಂತ ಹೆಚ್ಚು ಕಂಡರೆ ಸೋಂಕಿನ ಬಲವಾದ ಸೂಚನೆ ಎಂದು ಎಣಿಸುವ ರೂಢಿಯಿದೆ. ಪ್ಲಾಸ್ಟಿಕ್ ಪುಡಿ ಸಾಮಾನ್ಯ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಧ್ರುವೀಕರಿಸಿದ ಬೆಳಕು ಬಿಟ್ಟರೆ ಫಳಫಳ ಹೊಳೆಯುತ್ತದೆ. ಲೋಹದ ಪುಡಿ ಕೋಶಗಳೊಳಗೆ ಕಪ್ಪು ಮಸಿಯಂತೆ ಕಾಣುತ್ತದೆ. ದೇಹ ಲೋಹಕ್ಕೆ ಮುನಿದಿದ್ದರೆ ರಕ್ತನಾಳಗಳ ಸುತ್ತ ಲಿಂಫೋಸೈಟ್‌ಗಳು ಬಳೆ ತೊಡಿಸಿದಂತೆ ನಿಂತಿರುತ್ತವೆ. ಸೋಂಕಾದರೆ ಕೀಲು ತೊಳೆದು ಅಥವಾ ತೆಗೆದು ವಾರಗಟ್ಟಲೆ ಆಂಟಿಬಯಾಟಿಕ್ ಕೊಡಬೇಕು. ಸವೆತವಾದರೆ ಆಂಟಿಬಯಾಟಿಕ್ ದಂಡ. ಇಲ್ಲಿ ತಪ್ಪಿದರೆ ಹೊಸ ಕೀಲೂ ಸೋಂಕಿನೊಳಗೇ ಕೂರುತ್ತದೆ.

ಲೋಹದ ಮಾತು ಬಂದಿದ್ದರಿಂದ ಒಂದು ವಿಷಯ ನೆನಪಿಸಬೇಕು. ಜಾನ್ಸನ್ ಅಂಡ್ ಜಾನ್ಸನ್‌ನ ಡಿಪ್ಯೂ ಕಂಪನಿ ತನ್ನ ಎಎಸ್‌ಆರ್ ಎಂಬ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಲೋಹದ ಮೇಲೆ ಲೋಹ ಉಜ್ಜುವ ಕೀಲು ಅದು. ಭಾರತದಲ್ಲಿ ಸುಮಾರು 4,700 ಆಪರೇಶನ್‌ಗಳಲ್ಲಿ ಅದನ್ನು ಹಾಕಲಾಗಿತ್ತು. ಕೇಂದ್ರ ಸರ್ಕಾರ 2017ರಲ್ಲಿ ತಜ್ಞರ ಸಮಿತಿ ರಚಿಸಿದಾಗ ಆ ರೋಗಿಗಳಲ್ಲಿ ಬಹುಪಾಲು ಜನ ಎಲ್ಲಿದ್ದಾರೆಂದೇ ಪತ್ತೆಯಾಗಲಿಲ್ಲ. ಮನೆಯಲ್ಲಿ ಯಾರಿಗಾದರೂ ಕೀಲು, ರಾಡ್, ಪ್ಲೇಟ್ ಹಾಕಿಸಿದ್ದರೆ ಅದರ ಕಂಪನಿ ಮತ್ತು ನಂಬರ್ ಇರುವ ಸ್ಟಿಕ್ಕರ್ ಹಚ್ಚಿದ ಡಿಸ್ಚಾರ್ಜ್ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಇಡಿ. ಪೆಥಾಲಜಿಸ್ಟ್‌ಗೂ ಅದು ಬೇಕು. ಏನು ಸವೆದಿರಬಹುದು ಎಂಬ ಸುಳಿವು ಅಲ್ಲಿರುತ್ತದೆ.

ಇಂಪ್ಲಾಂಟ್‌ಗೂ ಕ್ಯಾನ್ಸರ್‌ಗೂ ನೇರ ನಂಟಿರುವ ಅಪರೂಪದ ಉದಾಹರಣೆಯೂ ಒಂದಿದೆ. ಮೇಲ್ಮೈ ಒರಟಾದ ಸ್ತನ ಇಂಪ್ಲಾಂಟ್‌ಗಳ ಸುತ್ತ ಬೆಳೆಯುವ ಒಂದು ಬಗೆಯ ಲಿಂಫೋಮಾ ಬಗ್ಗೆ ಅಮೆರಿಕದ ಎಫ್‌ಡಿಎ 2011ರಲ್ಲಿ ಎಚ್ಚರಿಸಿತು. 2019ರಲ್ಲಿ ಅಲರ್ಗನ್ ಕಂಪನಿ ಅಂಥ ಇಂಪ್ಲಾಂಟ್‌ಗಳನ್ನು ಹಿಂಪಡೆಯಿತು. ವರ್ಷಗಳ ನಂತರ ಇಂಪ್ಲಾಂಟ್ ಸುತ್ತ ನೀರು ತುಂಬಿದಾಗ ಆ ನೀರಿನ ಕೋಶಗಳನ್ನು ಸಿಡಿ30 ಎಂಬ ಗುರುತಿಗಾಗಿ ಪರೀಕ್ಷಿಸಿ ಇದನ್ನು ಹಿಡಿಯುತ್ತಾರೆ. ಮಾವನವರ ಮೊಣಕಾಲಿಗೂ ಇದಕ್ಕೂ ಸಂಬಂಧವಿಲ್ಲ.

"ಡಬ್ಬಿ ನಾವ ಒಯ್ಯಬೇಕಂತ್ರಿ"

ನಮ್ಮ ಉತ್ತರ ತಲುಪಿ ನಾಲ್ಕು ದಿನಕ್ಕೆ ಬಾಳೆಹೊಸೂರಿನ ಓದುಗರಿಂದ ಮತ್ತೊಂದು ಪ್ರಶ್ನೆ ಬಂತು. ಬಯಾಪ್ಸಿ ಒಂದು ಕಡೆ, ಲ್ಯಾಬ್ ಇನ್ನೊಂದು ಕಡೆ. ಡಬ್ಬಿಯನ್ನು ಮನೆಯವರೇ ಒಯ್ದು ಕೊಡಬೇಕಂತೆ, ಬಸ್ಸಿನಲ್ಲಿ ಒಯ್ಯಬಹುದೇ ಎಂದು. ಸಣ್ಣ ಊರುಗಳಲ್ಲಿ ಇದು ದಿನನಿತ್ಯದ ಸಂಗತಿ. ಯಾವ ಫಾರ್ವರ್ಡ್‌ನಲ್ಲೂ ಇದರ ಬಗ್ಗೆ ಒಂದು ಸಾಲಿಲ್ಲ. ನಮ್ಮ ದೃಷ್ಟಿಯಲ್ಲಿ ನಿಜವಾದ ಅಪಾಯ ಸೂಜಿಯಲ್ಲಲ್ಲ, ಈ ಡಬ್ಬಿಯಲ್ಲಿದೆ.

ತುಂಡು ಶೇ 10ರ ಫಾರ್ಮಾಲಿನ್‌ನಲ್ಲಿ ಮುಳುಗಿರಬೇಕು. ದ್ರಾವಣ ತುಂಡಿನ ಹತ್ತು ಪಟ್ಟು ಇರಬೇಕು. ನೀರಿನಲ್ಲೋ ಸಲೈನ್‌ನಲ್ಲೋ ಹಾಕಿ ಬಿಸಿಲಲ್ಲಿ ಅರ್ಧ ದಿನ ಓಡಾಡಿಸಿದರೆ ಕೋಶಗಳು ಕೊಳೆಯುತ್ತವೆ. ಸ್ಪಿರಿಟ್ ಹಾಕಿದರೆ ಮುದುಡುತ್ತವೆ. ಫ್ರಿಡ್ಜಿನ ಮಂಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಕೋಶ ಒಡೆಯುತ್ತದೆ. ಫಾರ್ಮಾಲಿನ್‌ನಲ್ಲಿದ್ದರೆ ಬಸ್ಸಿನ ಪ್ರಯಾಣದಿಂದ ಏನೂ ಆಗುವುದಿಲ್ಲ. ಮುಚ್ಚಳ ಬಿಗಿಯಾಗಿರಲಿ, ಮಕ್ಕಳ ಕೈಗೆ ಸಿಗದಿರಲಿ, ಮೂಸಿ ನೋಡಬೇಡಿ; ಕಣ್ಣುಮೂಗು ಉರಿಯುತ್ತದೆ.

ಇದು ಏಕೆ ಇಷ್ಟು ಮುಖ್ಯ? ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅದೇ ತುಂಡಿನ ಮೇಲೆ ಇನ್ನೂ ಮೂರು ಪರೀಕ್ಷೆ ಮಾಡುತ್ತಾರೆ: ಇಆರ್, ಪಿಆರ್, ಹರ್2. ಹಾರ್ಮೋನಿನ ಗುರುತು ಇರುವ ಕ್ಯಾನ್ಸರ್‌ಗೆ ಟಾಮಾಕ್ಸಿಫೆನ್‌ನಂಥ ದಿನಕ್ಕೊಂದು ಮಾತ್ರೆ ವರ್ಷಗಟ್ಟಲೆ ಕಾವಲು ಕಾಯುತ್ತದೆ. ಅದು ದುಬಾರಿ ಮಾತ್ರೆಯೂ ಅಲ್ಲ. ತುಂಡು ಸರಿಯಾಗಿ ನೆನೆಯದಿದ್ದರೆ ಇರುವ ಗುರುತೂ 'ಇಲ್ಲ' ಎಂದು ಬರಬಹುದು. ಆಗ ಆ ಹೆಣ್ಣುಮಗಳಿಗೆ ಸಿಗಬೇಕಾದ ಮಾತ್ರೆ ಸಿಗುವುದಿಲ್ಲ, ಏಕೆ ಸಿಗಲಿಲ್ಲ ಎಂದು ಯಾರಿಗೂ ಗೊತ್ತಾಗುವುದೂ ಇಲ್ಲ. ಈ ಪರೀಕ್ಷೆಗಳಿಗೆ ತುಂಡು ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಫಾರ್ಮಾಲಿನ್‌ನಲ್ಲಿರಬೇಕು ಎಂಬ ನಿಯಮವಿದೆ. ಆದ್ದರಿಂದ ಡಬ್ಬಿಯನ್ನು "ಸಂತಿ ದಿನಾ ಹೋದಾಗ ಕೊಟ್ಟರಾತು" ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಮಾವನವರದ್ದು ಮಾತ್ರ ಇದಕ್ಕೆ ತದ್ವಿರುದ್ಧ. ಸೋಂಕಿನ ರೋಗಾಣು ಬೆಳೆಸಿ ನೋಡಲು, ಅಂದರೆ ಕಲ್ಚರ್‌ಗೆ ಕಳಿಸುವ ತುಂಡಿಗೆ ಫಾರ್ಮಾಲಿನ್ ತಾಗಲೇಬಾರದು, ತಾಗಿದರೆ ರೋಗಾಣು ಸಾಯುತ್ತದೆ. ಅದಕ್ಕೆ ಬೇರೆ ಸ್ವಚ್ಛ ಡಬ್ಬಿ, ಅದೂ ಕೂಡಲೇ ಲ್ಯಾಬ್ ಸೇರಬೇಕು. ಕೀಲಿನ ಸುತ್ತಲಿನ ನಾಲ್ಕೈದು ಜಾಗದಿಂದ ಬೇರೆ ಬೇರೆ ಡಬ್ಬಿಗೆ ತುಂಡು ತೆಗೆಯುವುದು ರೂಢಿ. ನಿಧಾನವಾಗಿ ಬೆಳೆಯುವ ರೋಗಾಣುಗಳಿಗಾಗಿ ಎರಡು ವಾರದವರೆಗೂ ಕಾಯುತ್ತಾರೆ. ಯಾವ ಡಬ್ಬಿ ಯಾವುದಕ್ಕೆ ಎಂದು ಅಲ್ಲೇ ಬರೆಸಿಕೊಳ್ಳಿ.

ಜೊತೆಗಿನ ಚೀಟಿಯಲ್ಲಿ ಹೆಸರು, ವಯಸ್ಸು, ಎಡವೋ ಬಲವೋ, ಎಷ್ಟು ದಿನದಿಂದ, ಹಿಂದಿನ ಚಿಕಿತ್ಸೆ ಇರಲಿ. ಚೀಟಿ ಖಾಲಿಯಿದ್ದರೆ ಪೆಥಾಲಜಿಸ್ಟ್ ಕತ್ತಲಲ್ಲಿ ತಡಕಾಡಬೇಕು. ಮಾಮೂಲಿ ವರದಿಗೆ ಕೆಲವು ದಿನದಿಂದ ಒಂದು ವಾರ ಹಿಡಿಯುತ್ತದೆ, ಮೂಳೆಯಾದರೆ ಸುಣ್ಣದಂಶ ಕರಗಿಸಬೇಕಾದ್ದರಿಂದ ಇನ್ನೂ ತಡ.

ಮೊದಲು ಹೇಳಿದ ಬ್ಲಾಕ್ ನೆನಪಿದೆಯಲ್ಲ? ಬೇರೆ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಬೇಕಾದರೆ ಮತ್ತೆ ಚುಚ್ಚಿಸಿಕೊಳ್ಳಬೇಕಿಲ್ಲ. ವರದಿಯಲ್ಲಿರುವ ನಂಬರ್ ಹೇಳಿ ಲ್ಯಾಬ್‌ನಿಂದ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆಯಬಹುದು. ಹುಬ್ಬಳ್ಳಿಯ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ, ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ, ಎಲ್ಲಿಗೆ ಹೋದರೂ ಹಳೆಯ ವರದಿ ಮತ್ತು ಬ್ಲಾಕ್ ಜೊತೆಗಿರಲಿ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಮಂಜೂರಾತಿ ಕೇಳುವಾಗಲೂ ಬಯಾಪ್ಸಿ ವರದಿ ಕೇಳುತ್ತಾರೆ.

ಕೊನೆಯ ಧ್ವನಿಸಂದೇಶ

ಆಮೇಲೆ ಒಂದು ಸಣ್ಣ ಧ್ವನಿಸಂದೇಶ ಬಂತು. ಈ ಸಲ ಮಾತಾಡಿದ್ದು ಅತ್ತೆಯವರೇ. ಹರಡುವುದು, ಬಿಡುವುದು ಏನೂ ಕೇಳಲಿಲ್ಲ. "ಅದು ಎಷ್ಟು ನೋಯ್ತೈತ್ರಿ?" ಎಂದರು.

ಇಷ್ಟೆಲ್ಲ ಓದಿ ಬರೆದ ನಾವು ಈ ಪ್ರಶ್ನೆಗೆ ಉತ್ತರವನ್ನೇ ಬರೆದಿರಲಿಲ್ಲ. ಮೊದಲು ಮರಗಟ್ಟುವ ಸೂಜಿ ಹಾಕುತ್ತಾರೆ, ಅದು ಇರುವೆ ಕಚ್ಚಿದ ಹಾಗೆ ಚುರುಕ್ಕೆನ್ನುತ್ತದೆ. ಆಮೇಲೆ ತುಂಡು ತೆಗೆಯುವ ಸೂಜಿ 'ಟಪ್' ಎಂದು ಸದ್ದು ಮಾಡುತ್ತದೆ. ಸದ್ದಿಗೆ ಬೆಚ್ಚಬೇಡಿ, ಒತ್ತಿದ ಹಾಗೆ ಅನ್ನಿಸುತ್ತದೆ ಅಷ್ಟೆ. ಹೀಗೆ ಮೂರು-ನಾಲ್ಕು ಸಲ. ಎಲ್ಲ ಸೇರಿ ಸುಮಾರು ಅರ್ಧ ಗಂಟೆ, ಅದೇ ದಿನ ಮನೆಗೆ ಬರಬಹುದು. ಎರಡು-ಮೂರು ದಿನ ಕಂದಿ ನೋಯುತ್ತದೆ, ಅಷ್ಟು ದಿನ ತುಂಬಿದ ಕೊಡ ಎತ್ತಬೇಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬಾವು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ ಕಾಯದೆ ವಾಪಸ್ ಹೋಗಿ.

ಇದನ್ನು ನಾವೂ ಧ್ವನಿಸಂದೇಶದಲ್ಲೇ ಕಳಿಸಿದೆವು. ಸೋಮವಾರ ಲಕ್ಷ್ಮೇಶ್ವರಕ್ಕೆ ಹೋಗಿ ಅಲ್ಲಿಂದ ಹುಬ್ಬಳ್ಳಿ ಬಸ್ಸು ಹಿಡಿಯುತ್ತೇವೆ ಎಂದು ಸೊಸೆ ಬರೆದರು. ವರದಿಯಲ್ಲಿ ಏನು ಬಂತು ಎಂಬುದು ಆ ಮನೆಯವರ ವಿಷಯ, ಇಲ್ಲಿ ಬರೆಯುವುದಿಲ್ಲ.